ಅಜ್ಜಿಯನ್ನು ಸಾಯಿಸಿ ಗೆಲ್ಲಬೇಕಾ?

ಎಲ್ಲರಿಗೂ ನಮಸ್ಕಾರ. ಭಾನುವಾರ, ಅದರ ಮೇಲೆ ಮುಂಬೈಯ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ರಿಪೇರಿಗೆಂದು ರೈಲು ನಿಲ್ಲಿಸುವ ದಿನ. ಆದರೂ ಡೊಂಬಿವಲಿಯಿಂದ ಮಾಟುಂಗಾವರೆಗೆ ಬಂದಿದ್ದೀರಿ. ಬಿಗ್ ಬಾಸ್ ಅಂದರೆ ನಮ್ಮವರು ಬರ್ತಾರೆ ಬಿಡಿ. 2013ರಲ್ಲಿ ಕನ್ನಡದ ಮೊದಲ ಸೀಸನ್ ನಡೆದದ್ದೂ ಇಲ್ಲೇ ಪಕ್ಕದ ಲೋನಾವಳದಲ್ಲಿ, ಅಲ್ವಾ?

ಹೋದ ಸಲ ಇದೇ ಹಾಲ್‌ನಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಈ ರಿಯಾಲಿಟಿ ಶೋಗಳಲ್ಲಿ ಸುಳ್ಳು ಹೇಳಿ ಗೆದ್ದವರಿಗೆ ಚಪ್ಪಾಳೆ ತಟ್ತೀರಲ್ಲ, ನಾಚಿಕೆ ಆಗಲ್ವಾ?" ನನಗೆ ಆಗಲ್ಲ ಸಾರ್. ಇಸ್ಪೀಟಿನಲ್ಲಿ ಕೈಗೆ ಜೋಕರ್ ಬಂದರೂ ಮುಖ ಸಪ್ಪೆ ಮಾಡಿ ಕೂರುವವನನ್ನು ಯಾರೂ ಸುಳ್ಳ ಅನ್ನುವುದಿಲ್ಲ. ನಾನು ಕೇಳುವುದು ಒಂದೇ. ಮೋಸ ಹೋದವನು ಅದಕ್ಕೆ ಮೊದಲೇ ಒಪ್ಪಿದ್ದನಾ?

2025ರಲ್ಲಿ ಕರಣ್ ಜೋಹರ್ ನಡೆಸಿಕೊಟ್ಟ 'ದಿ ಟ್ರೇಟರ್ಸ್' ನೋಡಿದ್ದೀರಲ್ಲ. ಅಲ್ಲಿ ಕೆಲವರಿಗೆ ಸುಳ್ಳು ಹೇಳುವುದೇ ಕೆಲಸ. ಉಳಿದವರೂ ಗೊತ್ತಿದ್ದೇ ಹೋದವರು. ತಕರಾರಿಲ್ಲ.

2000ದ ಆಗಸ್ಟ್ ನೋಡಿ. ದ್ವೀಪದಲ್ಲಿ ಬಿಟ್ಟು ಆಡಿಸುವ, ವೋಟು ಹಾಕಿ ಒಬ್ಬೊಬ್ಬರನ್ನು ಹೊರಗೆ ಕಳಿಸುವ ಅಮೆರಿಕದ ಶೋ 'ಸರ್ವೈವರ್'ನಲ್ಲಿ ರಿಚರ್ಡ್ ಹ್ಯಾಚ್ ಒಳಗೊಳಗೇ ಗುಂಪು ಕಟ್ಟಿ, ಒಬ್ಬೊಬ್ಬರನ್ನೇ ಹೊರಗೆ ಹಾಕಿ ಹತ್ತು ಲಕ್ಷ ಡಾಲರ್ ಗೆದ್ದ. ಅದಕ್ಕೆ ಒಂದು ವಾರ ಮೊದಲು, ನಮ್ಮ ಬಿಗ್ ಬಾಸ್‌ನಂಥದ್ದೇ ಆದ ಬ್ರಿಟನ್ನಿನ 'ಬಿಗ್ ಬ್ರದರ್'ನಲ್ಲಿ ನಿಕ್ ಬೇಟ್‌ಮನ್ ಚೀಟಿಯಲ್ಲಿ ಹೆಸರು ಬರೆದು ತೋರಿಸಿ ನಾಮಿನೇಷನ್ ತಿರುಗಿಸಲು ಹೋಗಿ ಮನೆಯಿಂದಲೇ ಹೊರಬಿದ್ದ. ಬುದ್ಧಿ ಇಬ್ಬರದೂ ಒಂದೇ. ಆದರೆ ಒಂದು ಕಡೆ ನಿಯಮದಲ್ಲಿ ಒಪ್ಪಿಗೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಈಗ ನನ್ನ ಇಷ್ಟದ ಕಥೆ. ಮನೆಯಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ, ನೀವಾದರೂ ಕೇಳಿ. 2003ರ ಸರ್ವೈವರ್. ಆಟಗಾರ ಜಾನಿ ಫೇರ್‌ಪ್ಲೇ. ಫೇರ್‌ಪ್ಲೇ ಅಂದರೆ ನ್ಯಾಯದ ಆಟ, ಹೆಸರು ಗಮನಿಸಿ! ಎಲ್ಲರೂ ದ್ವೀಪದಲ್ಲಿ ಹಸಿದು, ಸೊರಗಿ, ಮನೆಯವರ ಮುಖಕ್ಕೆ ಹಂಬಲಿಸುತ್ತಿದ್ದಾರೆ. ಅವನನ್ನು ನೋಡಲು ಗೆಳೆಯ ಬಂದ. "ಅಜ್ಜಿ ಹೇಗಿದ್ದಾರೆ?" ಅಂದ ಇವನು. "ತೀರಿಕೊಂಡರು ಕಣೋ" ಅಂದ ಗೆಳೆಯ. ಇವನು ಕುಸಿದು ಅತ್ತ. ಉಳಿದವರ ಕಣ್ಣಲ್ಲೂ ನೀರು. ಅವತ್ತಿನ ಸ್ಪರ್ಧೆ ಗೆದ್ದವರಿಗೆ ಮನೆಯವರ ಜೊತೆ ಕಾಲ ಕಳೆಯುವ ಅವಕಾಶ; ಅದನ್ನು ಬಿಟ್ಟು ಅವನಿಗೇ ಗೆಲ್ಲಲು ಬಿಟ್ಟರು. ಆಮೇಲೆ ಅವನು ಕ್ಯಾಮೆರಾ ಮುಂದೆ ಹಲ್ಲು ಕಿಸಿದ: ಅಜ್ಜಿ ಮನೆಯಲ್ಲಿ ಟೀವಿ ನೋಡುತ್ತಾ ಆರಾಮಾಗಿದ್ದಾರೆ! ಗೆಳೆಯನ ಜೊತೆ ಮೊದಲೇ ಮಾತಾಡಿಕೊಂಡಿದ್ದರು.

ನಿಯಮ ಮುರಿದನಾ? ಇಲ್ಲ. ಆದರೆ 'ನಿನ್ನನ್ನು ಹೊರಗೆ ಹಾಕಲು ವೋಟು ಹಾಕಲ್ಲ' ಎಂಬ ಸುಳ್ಳಿಗೆ ಉಳಿದ ಆಟಗಾರರು ಒಪ್ಪಿದ್ದರು. ಸಾವಿನ ಸುದ್ದಿಗೆ ಕರಗುವುದನ್ನೂ ಆಟದಲ್ಲಿ ಪಣಕ್ಕಿಡಲು ಯಾರು ಒಪ್ಪಿದ್ದರು? ಅವರು ದಡ್ಡರಾದ್ದರಿಂದ ಮೋಸ ಹೋಗಲಿಲ್ಲ, ಒಳ್ಳೆಯವರಾದ್ದರಿಂದ ಹೋದರು. ಅಂದಹಾಗೆ, ಅವನು ಕೊನೆಗೆ ಮೂರನೆಯ ಸ್ಥಾನಕ್ಕೆ ನಿಂತ.

ಗೊತ್ತು, ಯಾರೋ ಅಶ್ವತ್ಥಾಮನನ್ನು ಎಳೆದು ತರುತ್ತೀರಿ. ತನ್ನಿ. ಧರ್ಮರಾಯನ ಮಾತನ್ನು ದ್ರೋಣ ನಂಬಿದ್ದು ಅವನು ಸುಳ್ಳು ಹೇಳುವವನಲ್ಲ ಅಂತ. ಆ ನಂಬಿಕೆ ಯುದ್ಧದಲ್ಲಿ ಗಳಿಸಿದ್ದಲ್ಲ, ಖರ್ಚಾದದ್ದು ಮಾತ್ರ ಯುದ್ಧದಲ್ಲಿ. ನೋಡಿ, ಮತ್ತೆ ಅದೇ ಒಪ್ಪಿಗೆಯ ಪ್ರಶ್ನೆ.

ಚೀಟಿ ಬಂತು, ಐದೇ ನಿಮಿಷವಂತೆ. ಬಹುಮಾನದ ಹಣ, ಟ್ರೋಲ್ ಮಾಡುವವರು, ಎರಡೂ ಬಿಟ್ಟೆ. ಒಂದು ಉಳಿದಿದೆ. ಶೋಗಳಲ್ಲಿ ಸ್ಪರ್ಧಿಗಳು ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಮಾತು ಕತ್ತರಿಸಿ, ಜೋಡಿಸಿ, ಒಂದೇ ವಾಕ್ಯ ಮಾಡಿ ಕೇಳಿಸುತ್ತಾರಲ್ಲ, ಆ ಸುಳ್ಳು ನಮಗೇ ಹೇಳಿದ್ದು. ನಾವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಅಂಧೇರಿಯಲ್ಲಿ ಎಡಿಟಿಂಗ್ ಮಾಡುವ ನಮ್ಮ ಹುಡುಗರು ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ಮೈಕ್ ಅವರಿಗೆ ಕೊಡಿ, ಇದಕ್ಕೆ ಅವರೇ ಉತ್ತರ ಹೇಳಲಿ.