ಆ ಗಾಜಿನ ಬೀರು ತಗೊಂಡು ಎಂತ ಮಾಡ್ತೀರಿ ಮಾರಾಯ್ರೆ?

ನಮಸ್ಕಾರ. ಹೋದ ವಾರ ಭದ್ರಾವತಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣ, ವೆಂಡಿಂಗ್ ಮೆಷಿನ್ ಬಿಸಿನೆಸ್ ಶುರು ಮಾಡ್ತಾ ಇದೀನಿ, ಯಾವ ಮೆಷಿನ್ ತಗೊಳ್ಳಲಿ?" ದುಡ್ಡು ಕೊಟ್ರೆ ತಾನೇ ತಿಂಡಿ, ಚಹಾ ಕೊಡೋ ಯಂತ್ರ ಅದು. ಎಲ್ಲಿ ಇಡ್ತೀಯಪ್ಪ ಅಂತ ಕೇಳ್ದೆ. "ಅದನ್ನ ಆಮೇಲೆ ನೋಡ್ಕೊಂಡ್ರಾಯ್ತಣ್ಣ, ಆಫರ್ ಈ ತಿಂಗಳ ಕೊನೆವರೆಗೆ ಮಾತ್ರ ಅಂತೆ" ಅಂದ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಕಥೆ.

ಬೈಯೋಕೆ ಬಾಯಿ ಬರಲಿಲ್ಲ ನನಗೆ. ಯಾಕಂದ್ರೆ ನಾನೂ ಅದೇ ಕುಲಾವಿ ಹೊಲಿಸಿದೋನು. ನನ್ನ ಮೊದಲನೇ ಮೆಷಿನ್‌ಗೆ ಕೊಟ್ಟಿದ್ದು 1 ಲಕ್ಷ 60 ಸಾವಿರ. ದೊಡ್ಡ ಗಾಜಿನ ಬಾಗಿಲು, ಒಳಗೆ ನೀಲಿ ಲೈಟು, ತಂಪು ಮಾಡೋ ಕಂಪ್ರೆಸರ್, ಟಚ್ ಸ್ಕ್ರೀನು. ತಂದು ನಮ್ಮ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಂದು ಕೋಚಿಂಗ್ ಸೆಂಟರ್‌ನ ಕೆಳಗೆ ಇಟ್ಟೆ. ಮಕ್ಕಳು ದಿನಾ ಬಂದು ಅದರ ಮುಂದೆ ನಿಂತು ತಲೆ ಬಾಚ್ಕೊಂಡು ಹೋಗ್ತಿದ್ರು, ಗಾಜು ಅಷ್ಟು ಚೆನ್ನಾಗಿತ್ತು. ತಿನ್ನೋದಕ್ಕೆ ಮಾತ್ರ ಇಪ್ಪತ್ತು ಹೆಜ್ಜೆ ನಡೆದು ಬೇಕರಿಗೆ ಹೋಗೋರು. ಅಲ್ಲಿ ಬಿಸಿ ಪಫ್ಸ್ ಇದೆ, ಮಾತಾಡ್ಸೋಕೆ ಒಬ್ಬ ಮನುಷ್ಯ ಇದಾನೆ, ಮೇಲಿಂದ ಸಾಲ ಬೇರೆ ಕೊಡ್ತಾನೆ. ಮೆಷಿನ್ ಯಾರಿಗೆ ಸಾಲ ಕೊಡುತ್ತೆ ಹೇಳಿ?

ಆಗ ನಾನು ನೋಡ್ತಿದ್ದ ವಿಡಿಯೋ ಎಲ್ಲ ಅಮೆರಿಕದ್ದು. ಮಲಗಿದ್ರೂ ದುಡ್ಡು ಬರುತ್ತೆ, ವಾರಕ್ಕೊಂದ್ಸಲ ಹೋಗಿ ತುಂಬಿಸಿ ಬಂದ್ರೆ ಆಯ್ತು ಅಂತ. ಅಲ್ಲಿನೋರು ಒಂದು ಡಾಲರ್ ಒಳಗೆ ತಂದ ಚಿಪ್ಸನ್ನ ಎರಡು ಡಾಲರ್‌ಗೆ ಮಾರಿದ್ರೆ ಯಾರೂ ಕೇಳಲ್ಲ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತೆ, ಅದರ ಮೇಲೆ ಒಂದು ರೂಪಾಯಿ ತಗೊಂಡ್ರೂ ಕಾನೂನಿನ ಪ್ರಕಾರ ತಪ್ಪು. ಈ ಒಂದು ವಿಷಯ ಲೆಕ್ಕಕ್ಕೆ ತಗೊಂಡ್ರೆ ಯಾವ ಮೆಷಿನ್ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂಗೆ.

ಲೆಕ್ಕ ಹಾಕೋಣ. 10 ರೂಪಾಯಿ ಬಿಸ್ಕೆಟ್ ಪ್ಯಾಕೆಟಲ್ಲಿ ನಿಮಗೆ ಉಳಿಯೋದು ಒಂದು ರೂಪಾಯಿ ಅಂತ ಇಟ್ಕೊಳ್ಳಿ. ದಿನಕ್ಕೆ ಐವತ್ತು ಪ್ಯಾಕೆಟ್ ಹೋದ್ರೆ 50 ರೂಪಾಯಿ, ತಿಂಗಳಿಗೆ 1500. ಆ ತಂಪು ಮಾಡೋ ಮೆಷಿನ್ ದಿನಕ್ಕೆ ಆರು ಯೂನಿಟ್ ಕರೆಂಟ್ ಕುಡಿದ್ರೆ ತಿಂಗಳಿಗೆ 180 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡೀರಿ, 1440 ಆಯ್ತು. ಉಳಿದ 60 ರೂಪಾಯಲ್ಲಿ ಜಾಗದ ಬಾಡಿಗೆ ಕಟ್ಟಿ, ಪೆಟ್ರೋಲ್ ಹಾಕ್ಸಿ, ಮಿಕ್ಕಿದ್ರೆ ನೀವೂ ಒಂದು ಬಿಸ್ಕೆಟ್ ತಿನ್ನಿ. ಬಿಸ್ಕೆಟ್‌ಗೆ ತಂಪು ಎಂತಕ್ಕೆ ಬೇಕು ಅನ್ನೋದೂ ಒಂದು ಪ್ರಶ್ನೆನೇ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ತಂಪು ಬೇಕು ಅಂತ ದುಡ್ಡು ಕೊಡೋ ಮನುಷ್ಯನ್ನ ನಾನಂತೂ ನೋಡಿಲ್ಲ.

ಇನ್ನು ಮಳೆ. ಬೆಂಗಳೂರಿನ ಶೋರೂಮಲ್ಲಿ ಏಸಿ ಹಾಕಿಟ್ಟು ತೋರಿಸೋ ಮೆಷಿನ್ ಬೇರೆ, ನಮ್ಮೂರಿಗೆ ಬಂದ ಮೇಲೆ ಅದು ಪಡೋ ಪಾಡೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯೋ ಮಳೆ ಅದು. ಅಷ್ಟು ಶಿವಮೊಗ್ಗಕ್ಕೆ ಬರದೇ ಇರಬಹುದು, ಆದ್ರೆ ಗಾಳಿಯಲ್ಲಿರೋ ತೇವ ಸಾಕು. ತಂಪು ಗಾಜಿನ ಹೊರಗಡೆ ಬೆವರು ಇಳಿಯುತ್ತೆ, ಒಳಗೆ ಏನಿದೆ ಅಂತಾನೇ ಕಾಣಲ್ಲ. ಅದಕ್ಕೆ ಹೀಟರ್ ಇರೋ ಗಾಜು ಅಂತ ಬರುತ್ತೆ, ಅದರ ಕರೆಂಟ್ ಬೇರೆ. ಕೆಳಗಿನ ತಗಡು ಎರಡು ಮಳೆಗಾಲಕ್ಕೆ ತುಕ್ಕು. ಅಡಿಯಲ್ಲಿ ಇಲಿ. ಇಲಿ ವೈರ್ ಕಡಿದ್ರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಓದ್ಕೊಳ್ಳಿ. ನಾನು ಓದಿದ್ದು ಇಲಿ ಕಡಿದ ಮೇಲೆ.

ನನ್ನ ಮೆಷಿನ್ ನಿಂತಿದ್ದು ಒಂದು ಶನಿವಾರ. ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು, ಬಂತು. ಶರಾವತಿ ನೀರಲ್ಲಿ ಇಡೀ ರಾಜ್ಯಕ್ಕೆ ದೀಪ ಹಚ್ಚಿದ ಜಿಲ್ಲೆ ನಮ್ದು, ಮಳೆಗಾಲದಲ್ಲಿ ನಾವು ಮೇಣದಬತ್ತಿ ಹುಡುಕ್ತೀವಿ, ಅದು ಬಿಡಿ. ಕಂಪ್ರೆಸರ್ ಒಂದ್ಸಲ ನಿಂತ ಮೇಲೆ ಒಳಗಿನ ಗ್ಯಾಸ್‌ನ ಒತ್ತಡ ಸಮ ಆಗೋಕೆ ಮೂರ್ನಾಲ್ಕು ನಿಮಿಷ ಬೇಕು. ಅದಕ್ಕೆ ಮೊದಲೇ ಕರೆಂಟ್ ಬಂದು ಶುರುವಾಗೋಕೆ ಹೋದ್ರೆ ಎಳೆಯೋಕೆ ಆಗದೆ ಬಿಸಿಯಾಗಿ ಸುಡುತ್ತೆ. ಟೈಮ್ ಡಿಲೇ ಇರೋ ಸ್ಟೆಬಿಲೈಸರ್ ಹಾಕಿದ್ರೆ ಇದೆಲ್ಲ ಆಗ್ತಿರಲಿಲ್ಲ. ಮಾರಿದೋನು ಹೇಳಲಿಲ್ಲ, ನಾನು ಕೇಳಲಿಲ್ಲ.

ಫೋನ್ ಮಾಡಿದ್ರೆ ಟೆಕ್ನಿಷಿಯನ್ ಬೆಂಗಳೂರಿಂದ ಬರ್ಬೇಕು, ಬರೋ ಹೋಗೋ ಖರ್ಚು ನಂದು. ಹನ್ನೊಂದು ದಿನ ಕಾದೆ. ಕಾಯೋಕಾಗದೆ ಗಾಂಧಿ ಬಜಾರ್ ಕಡೆಯ ನಮ್ಮ ಫ್ರಿಜ್ ಮೆಕ್ಯಾನಿಕ್‌ನ ಕರ್ಕೊಂಡು ಬಂದೆ. ಆತ ಹಿಂದಿನ ತಗಡು ಬಿಚ್ಚಿ ಟಾರ್ಚ್ ಹಾಕಿ ನೋಡಿ, "ಸಾರ್, ಕಂಪ್ರೆಸರ್ ಮನೆ ಫ್ರಿಜ್‌ದೇ, ನಾಳೆ ಹಾಕ್ಕೊಡ್ತೀನಿ. ಆದ್ರೆ ಈ ಸರ್ಕ್ಯೂಟ್ ಬೋರ್ಡೂ ಹೋಗಿದೆಯಲ್ಲ, ಇದನ್ನ ಮುಟ್ಟಲ್ಲ. ಇದರ ಜಾತಕ ಅವರತ್ರಾನೇ ಇರೋದು" ಅಂದ.

ಆವತ್ತಿಂದ ನಾನು ಮೆಷಿನ್ ನೋಡೋ ರೀತಿನೇ ಬೇರೆ ಆಯ್ತು. ಸ್ಕ್ರೀನ್ ನೋಡಲ್ಲ, ಲೈಟ್ ನೋಡಲ್ಲ. ಹಿಂದುಗಡೆ ಹೋಗಿ ತಗಡು ಬಿಚ್ಚಿ ಅಂತೀನಿ. ಇದರಲ್ಲಿ ನಮ್ಮೂರಿನ ಮೆಕ್ಯಾನಿಕ್ ಎಷ್ಟು ಭಾಗ ರಿಪೇರಿ ಮಾಡಬಲ್ಲ? ಬೋರ್ಡ್ ಬಿಡಿಯಾಗಿ ಮಾರ್ತೀರಾ? ಪ್ಯಾಕೆಟನ್ನ ಮುಂದೆ ತಳ್ಳೋ ಸುರುಳಿ ತಿರುಗಿಸೋ ಮೋಟಾರ್ ಎರಡು ಈಗ್ಲೇ ಎಕ್ಸ್‌ಟ್ರಾ ಕೊಡ್ತೀರಾ? ಇದಕ್ಕೆ ತಡವರಿಸಿದ್ರೆ ಅಲ್ಲಿಂದ ಎದ್ದು ಬಂದ್ಬಿಡಿ.

ಈ ಯಂತ್ರಗಳ ಮೂಲ ಹುಡುಕಿಕೊಂಡು ಹೋದ್ರೆ ಒಂದು ತಮಾಷೆ ಸಿಗುತ್ತೆ. ಮೊದಲನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಹೀರೋ ಅನ್ನೋ ಗ್ರೀಕ್ ಪಂಡಿತ ಒಂದು ಪೆಟ್ಟಿಗೆ ವಿಷಯ ಬರೆದಿಟ್ಟಿದಾನೆ. ದೇವಸ್ಥಾನದ ಬಾಗಿಲಲ್ಲಿ ನಾಣ್ಯ ಹಾಕಿದ್ರೆ ಅದು ಒಂದು ತಟ್ಟೆ ಮೇಲೆ ಬೀಳುತ್ತೆ, ಭಾರಕ್ಕೆ ತಟ್ಟೆ ಬಾಗಿ ಮುಚ್ಚಳ ತೆರೆಯುತ್ತೆ, ತೀರ್ಥ ಬರುತ್ತೆ. ನಾಣ್ಯ ಜಾರಿ ಬಿದ್ದ ಕೂಡ್ಲೆ ನಿಲ್ಲುತ್ತೆ. ಬೋರ್ಡಿಲ್ಲ, ಸಿಮ್ಮಿಲ್ಲ, ಕೆಟ್ರೆ ಊರಿನ ಬಡಗಿನೇ ಸರಿ ಮಾಡ್ಬಹುದು. ಈಗಿನೋರ ಮೆಷಿನ್ನು ಸರ್ವರ್ ಬಂದಾದ್ರೆ ಮೊದಲು ಹೇಳಿದ ಹಾಗೆ ಒಂದೂವರೆ ಲಕ್ಷದ ಬೀರು, ಅದೂ ಬಟ್ಟೆ ನೇತು ಹಾಕೋಕೂ ಬರಲ್ಲ.

ಸರ್ವರ್ ಅಂದೆ. ದುಡ್ಡು ತಗೊಳ್ಳೋ ವ್ಯವಸ್ಥೆ ಬಗ್ಗೆ ಸ್ವಲ್ಪ ಜಾಸ್ತಿನೇ ಮಾತಾಡ್ಬೇಕು, ಎಲ್ಲರೂ ಎಡವೋದು ಇಲ್ಲೇ. ನೋಟು ತಗೊಳ್ಳೋ ಭಾಗಕ್ಕೆ ದುಡ್ಡು ಹಾಕ್ಬೇಡಿ ಅಂತ ನನ್ನ ಅಭಿಪ್ರಾಯ. ಮಳೆಗಾಲದಲ್ಲಿ ಜೇಬಿಂದ ಬರೋ 10 ರೂಪಾಯಿ ನೋಟು ಒದ್ದೆ ದೋಸೆ ಇದ್ದಂಗಿರುತ್ತೆ, ಮೆಷಿನ್ ಉಗುಳುತ್ತೆ. ನಾಣ್ಯ? 10 ರೂಪಾಯಿ ನಾಣ್ಯದ 14 ವಿನ್ಯಾಸವೂ ಚಲಾವಣೆಯಲ್ಲಿದೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ರೂ ಎಷ್ಟೋ ಜನ ಅದನ್ನ ಮುಟ್ಟಿಸ್ಕೊಳ್ಳಲ್ಲ, ಜೇಬಲ್ಲಿ ಇಟ್ಕೊಳ್ಳೋದೂ ಇಲ್ಲ. ಹಾಗಾಗಿ ಯುಪಿಐ. ಆದ್ರೆ ಪ್ರತಿ ಸಲ ಹೊಸ ಕ್ಯೂಆರ್ ತೋರಿಸೋ ಮೆಷಿನ್‌ಗೆ ನೆಟ್‌ವರ್ಕ್ ಬೇಕೇ ಬೇಕು. ನಮ್ಮ ಕಡೆ ಒಂದು ಗುಡ್ಡ ದಾಟಿದ್ರೆ ಸಿಗ್ನಲ್ ಹೋಗುತ್ತೆ, ಆರ್‌ಸಿಸಿ ಕಟ್ಟಡದ ನೆಲಮಾಳಿಗೆಯಲ್ಲಂತೂ ಕೇಳೋದೇ ಬೇಡ. ಮೆಷಿನ್ ಒಳಗಿರೋದು 4ಜಿ ಮೋಡೆಮ್ಮಾ, ಹಳೇ 2ಜಿನಾ ಕೇಳಿ. ಜಿಯೋಗೆ 2ಜಿ ಇಲ್ಲವೇ ಇಲ್ಲ. ನೀವು ಇಡೋ ಜಾಗದಲ್ಲಿ ಯಾವ ಸಿಮ್ ಹಿಡಿಯುತ್ತೆ ಅಂತ ಮೂರು ಕಂಪನಿ ಫೋನ್ ಹಿಡ್ಕೊಂಡು ಮಳೆ ಬರೋ ದಿನ ಹೋಗಿ ನೋಡಿ. ಬಿಸಿಲಲ್ಲಿ ಹೋಗಿ ನೋಡಿದ್ರೆ ಪ್ರಯೋಜನ ಇಲ್ಲ.

ಇನ್ನೊಂದು, ಆ ದುಡ್ಡು ನೇರ ನಿಮ್ಮ ಖಾತೆಗೆ ಬರುತ್ತಾ, ಮೆಷಿನ್ ಕಂಪನಿ ಖಾತೆಗೆ ಹೋಗಿ ಆಮೇಲೆ ಬರುತ್ತಾ? ಸಾಫ್ಟ್‌ವೇರ್‌ಗೆ ಅಂತ ವರ್ಷಕ್ಕೆ ಎಷ್ಟು ಕಟ್ಟಬೇಕು? ಕಟ್ಟದಿದ್ರೆ ಮೆಷಿನ್ ನಿಲ್ಲಿಸ್ತಾರಾ? ಬಾಯಿಮಾತಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ. ಮತ್ತೆ ಡ್ರಾಪ್ ಸೆನ್ಸರ್. ಪ್ಯಾಕೆಟ್ ನಿಜವಾಗಿ ಕೆಳಗೆ ಬಿತ್ತೋ ಇಲ್ಲವೋ ಅಂತ ನೋಡೋ ಬೆಳಕಿನ ಕಣ್ಣು ಅದು. ಬೀಳದಿದ್ರೆ ಸುರುಳಿ ಇನ್ನೊಂದು ಸುತ್ತು ತಿರುಗಬೇಕು, ಆಗ್ಲೂ ಬೀಳದಿದ್ರೆ ದುಡ್ಡು ವಾಪಸ್ ಹೋಗಬೇಕು. ಇದಿಲ್ಲದ ಮೆಷಿನ್ ಅರ್ಧ ರೇಟಿಗೆ ಬಂದ್ರೂ ಬೇಡ. 10 ರೂಪಾಯಿ ನುಂಗಿದ ಮೆಷಿನ್ ಬಗ್ಗೆ ನಮ್ಮ ಜನ ಹತ್ತು ವರ್ಷ ಮಾತಾಡ್ತಾರೆ.

ಸುರುಳಿ ಅಂದ್ರೆ ನೆನಪಾಯ್ತು. ಬೆಂಗಳೂರಿಗೆ ಮೆಷಿನ್ ನೋಡೋಕೆ ಹೋದಾಗ ಅವರ ಚಿಪ್ಸ್ ಪ್ಯಾಕೆಟ್ ಬೀಳೋದು ನೋಡಿ ಖುಷಿಪಟ್ಟು ಬರ್ಬೇಡಿ. ನೀವು ಮಾರೋ ಮಾಲನ್ನ ಚೀಲದಲ್ಲಿ ತುಂಬ್ಕೊಂಡು ಹೋಗಿ. ಎರಡನೇ ಸಲ ನಾನು ನಿಪ್ಪಟ್ಟು, ಕೋಡುಬಳೆ, ಬಾಳೆಕಾಯಿ ಚಿಪ್ಸ್ ಎಲ್ಲ ತಗೊಂಡು ರೈಲು ಹತ್ತಿದ್ದೆ. ಉಬ್ಬಿದ ಪ್ಯಾಕೆಟ್ ಸುರುಳಿಗೂ ಗಾಜಿಗೂ ಮಧ್ಯ ಸಿಕ್ಕಿ ತ್ರಿಶಂಕು ಆಯ್ತು. ಕೋಡುಬಳೆ ನಾಲ್ಕಡಿ ಮೇಲಿಂದ ಬಿದ್ದು ಪುಡಿ. ಅಂಥದ್ದನ್ನ ಕೆಳಗಿನ ಸಾಲಲ್ಲಿ ಇಡ್ಬೇಕು, ಇಲ್ಲ ಪ್ಯಾಕೆಟನ್ನ ಬೀಳಿಸದೆ ಮೆಲ್ಲಗೆ ಕೆಳಗಿಳಿಸೋ ಲಿಫ್ಟ್ ಇರೋ ಮೆಷಿನ್ ತಗೋಬೇಕು, ಅದರ ರೇಟ್ ಕೇಳಿದ್ರೆ ನೀವೇ ಪುಡಿಯಾಗ್ತೀರಿ. ಆದ್ರೂ ಮನೆತಿಂಡಿ ಮಾಡೋ ಹೆಂಗಸರ ಹತ್ರ ಮಾತಾಡಿ, ಕಂಪನಿ ಬಿಸ್ಕೆಟ್‌ಗಿಂತ ಲಾಭ ಎಷ್ಟೋ ಜಾಸ್ತಿ. ಲೇಬಲ್ ಮೇಲೆ ತಯಾರಿಸಿದ ದಿನ, ಎಂಆರ್‌ಪಿ, ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, ನಿಮ್ಮ ಮೆಷಿನ್‌ಗೂ ನೋಂದಣಿ ಬೇಕು.

ಹಾಗಾದ್ರೆ ಮೊದಲನೇ ಮೆಷಿನ್ ಯಾವುದು? ನನ್ನ ಮಾತು ಕೇಳೋದಾದ್ರೆ ಚಹಾ, ಕಾಫಿ ಮೆಷಿನ್. ಮೇಜಿನ ಮೇಲೆ ಕೂರೋ, ಎರಡೋ ಮೂರೋ ಬಟನ್ ಇರೋ ಪ್ರೀಮಿಕ್ಸ್ ಮೆಷಿನ್. ಹಾಲು, ಸಕ್ಕರೆ ಎಲ್ಲ ಮೊದಲೇ ಸೇರಿಸಿಟ್ಟ ಪೌಡರನ್ನ ಬಿಸಿನೀರಲ್ಲಿ ಕಲಸಿ ಕೊಡೋದು. ಗೊತ್ತು, ನಮ್ಮ ಕಡೆ ಪ್ರೀಮಿಕ್ಸ್ ಕಾಫಿ ಅಂದ್ರೆ ಮೂಗು ಮುರೀತಾರೆ. ನಮ್ಮಮ್ಮ ಒಂದು ಗುಟುಕು ಕುಡಿದು "ಇದು ಅಕ್ಕಚ್ಚು" ಅಂತ ಲೋಟ ಕೆಳಗಿಟ್ರು. ಸರಿನೇ. ಆದ್ರೆ ಆ ಕಾಫಿ ನಮ್ಮಮ್ಮನಿಗಲ್ಲ. ರಾತ್ರಿ ಎರಡು ಗಂಟೆಗೆ ಮೆಗ್ಗಾನ್ ಆಸ್ಪತ್ರೆ ಸುತ್ತಮುತ್ತ ರೋಗಿ ಜೊತೆ ಬಂದು ಎಚ್ಚರ ಕೂತಿರೋರಿಗೆ, ಮಾಚೇನಹಳ್ಳಿ ಕಡೆ ನೈಟ್ ಶಿಫ್ಟ್ ಮಾಡೋರಿಗೆ. ಹೋಟೆಲ್ ತೆರೆದಿರೋ ಜಾಗದಲ್ಲಿ ಮೆಷಿನ್ ಸೋಲುತ್ತೆ. ಹೋಟೆಲ್ ಬಾಗಿಲು ಹಾಕಿದ ಮೇಲೂ ಜನ ಎಚ್ಚರ ಇರೋ ಜಾಗ ಹುಡುಕಿ.

ಲೆಕ್ಕ ಮತ್ತೆ ಹಾಕೋಣ. ಕೆಜಿ ಪೌಡರ್ 300 ರೂಪಾಯಿ ಅಂದ್ಕೊಳ್ಳಿ, ಸುಮಾರು 80 ಕಪ್. ಕಪ್‌ಗೆ 3 ರೂಪಾಯಿ 75 ಪೈಸೆ. ಪೇಪರ್ ಕಪ್, ನೀರು, ಕರೆಂಟ್ ಎಲ್ಲ ಸೇರಿಸಿ 5 ರೂಪಾಯಿ. 10 ರೂಪಾಯಿಗೆ ಮಾರಿದ್ರೆ 5 ಉಳೀತು. ಇದರ ಮೇಲೆ ಎಂಆರ್‌ಪಿ ಅಚ್ಚು ಹಾಕಿರಲ್ಲ ನೋಡಿ, ಬೆಲೆ ನಿಮ್ದೇ. ನೀರಿನ ವಿಷಯದಲ್ಲೂ ನಾವು ಅದೃಷ್ಟವಂತರು. ಗಂಗಾ ಸ್ನಾನ ತುಂಗಾ ಪಾನ ಅಂತ ಹಿರಿಯರು ಸುಮ್ನೆ ಹೇಳಿಲ್ಲ, ಹೊಳೆ ನೀರು ಮೆದು, ಬಾಯ್ಲರ್ ಒಳಗೆ ಸುಣ್ಣ ಕಟ್ಟೋದು ಕಮ್ಮಿ. ಬೋರ್‌ವೆಲ್ ನೀರು ಹಾಕಿದ್ರೆ ಆ ಸುಖ ಇಲ್ಲ.

ಇದಕ್ಕೂ ಮಳೆಗಾಲದ ಕಾಟ ಇದೆ. ಪೌಡರ್ ತೇವ ಎಳ್ಕೊಂಡು ಡಬ್ಬದಲ್ಲೇ ಕಲ್ಲಾಗುತ್ತೆ, ಮೆಷಿನ್ ಬರೀ ಬಿಸಿನೀರು ಕೊಡುತ್ತೆ. ಆವಿ ಹೊರಗೆ ಎಳೆಯೋ ಫ್ಯಾನ್ ಇದೆಯಾ ನೋಡಿ ತಗೊಳ್ಳಿ, ದಿನಾ ಬೇಕಾದಷ್ಟೇ ಪೌಡರ್ ತುಂಬಿ, ಪೈಪ್ ಮತ್ತೆ ಮಿಕ್ಸಿಂಗ್ ಕಪ್ ಪ್ರತಿದಿನ ತೊಳೀರಿ. ಸಕ್ಕರೆ ಇದ್ದಲ್ಲಿ ಇರುವೆ ಇದ್ದಿದ್ದೇ. ಮಲಗಿದ್ರೂ ದುಡ್ಡು ಬರುತ್ತೆ ಅಂದೋನು ಇರುವೆನ ನೋಡಿಲ್ಲ. ಫ್ಯಾಕ್ಟರಿ ಆದ್ರೆ ಇನ್ನೊಂದು ವಿಷಯ ಕೇಳ್ಕೊಳ್ಳಿ, ಎಷ್ಟೋ ಕಡೆ ಕೆಲಸದವರ ಫೋನನ್ನ ಗೇಟಲ್ಲೇ ಇಡಿಸ್ತಾರೆ. ಅಲ್ಲಿ ಯುಪಿಐ ಮೆಷಿನ್ ಇಟ್ಟು ಎಂತ ಮಾಡ್ತೀರಿ? ಕಾರ್ಡ್ ತೋರಿಸಿದ್ರೆ ಕಪ್ ತುಂಬೋ ಮೆಷಿನ್ ಬೇಕು, ತಿಂಗಳ ಕೊನೆಗೆ ಕಂಪನಿಯಿಂದಲೇ ಲೆಕ್ಕ ಚುಕ್ತಾ.

ಜೋಗದಲ್ಲಿ ಇಡ್ಲಾ, ಆಗುಂಬೆಯಲ್ಲಿ ಇಡ್ಲಾ ಅಂತ ಕೇಳೋರಿಗೆ ಒಂದೇ ಮಾತು, ಮಂಗ. ಅದಕ್ಕೆ ಕ್ಯೂಆರ್ ಕೋಡ್ ಬೇಡ.

ಅಂದ ಹಾಗೆ ನನ್ನ ಗಾಜಿನ ಮೆಷಿನ್‌ದು ಬೋರ್ಡ್ ಬಂತು, ಬೇಕಾದಷ್ಟು ದುಡ್ಡು ಹೋಯ್ತು. ಕಂಪ್ರೆಸರ್ ಮಾತ್ರ ಸರಿ ಮಾಡಿಸಲೇ ಇಲ್ಲ, ತಂಪಿಲ್ಲದೇ ಓಡ್ತಾ ಇದೆ. ಈಗ ಸಾಗರದಲ್ಲಿ ಬಸ್ ಕಾಯೋರು ನಿಲ್ಲೋ ಒಂದು ಕಾಂಪ್ಲೆಕ್ಸಲ್ಲಿದೆ. ಮೇಲೆರಡು ಸಾಲು ಬಿಸ್ಕೆಟ್, ಕೆಳಗೆ ಕೋಡುಬಳೆ ಮತ್ತೆ ನೀರು. ಮಧ್ಯದ ಅಗಲ ಸುರುಳಿಯಲ್ಲಿ ಮಡಚೋ ಛತ್ರಿ ಇಟ್ಟಿದೀನಿ, ಡಬ್ಬಿ ಸಮೇತ. ಜೂನ್‌ನಲ್ಲಿ ಬಿಸ್ಕೆಟ್ ಎಲ್ಲ ಸೇರಿ ಕೊಟ್ಟಿದ್ದಕ್ಕಿಂತ ಆ ಒಂದು ಸಾಲು ಕೊಟ್ಟಿದ್ದೇ ಜಾಸ್ತಿ. ಭದ್ರಾವತಿ ಹುಡುಗನಿಗೂ ಇದನ್ನೇ ಹೇಳ್ದೆ. "ಹಾಗಾದ್ರೆ ಛತ್ರಿ ಮೆಷಿನ್ ಅಂತಾನೇ ಸಿಗುತ್ತಾ ಅಣ್ಣ?" ಅಂತ ಕೇಳಿದ.