ಕಸೂತಿಗೆ ಬೆಲೆ ಕಟ್ಟುವ ಮಾತು

ಕೇಳುಗ ಬಂಧುಗಳಿಗೆ ನಮಸ್ಕಾರ.

ಎಂದೋ ಬಿಟ್ಟ ಆಸೆಯನ್ನು ವಯಸ್ಸಾದ ಮೇಲೆ ಮತ್ತೆ ಕೈಗೆತ್ತಿಕೊಂಡವರ ಬಗ್ಗೆ ನಾವು ತುಂಬ ಪ್ರೀತಿಯಿಂದ ಮಾತಾಡುತ್ತೇವೆ. ಅರವತ್ತಕ್ಕೆ ಹಾಡು ಕಲಿತರಂತೆ, ಪೆನ್ಷನ್ ಬಂದ ಮೇಲೆ ಬ್ರಶ್ ಹಿಡಿದರಂತೆ ಅಂತ ಹೇಳಿ ಸಂತೋಷಪಡುತ್ತೇವೆ. ಅಲ್ಲಿ ದುಡ್ಡಿನ ಮಾತು ಮಾತ್ರ ಯಾರೂ ತೆಗೆಯುವುದಿಲ್ಲ. ನಾನು ಇವತ್ತು ದುಡ್ಡಿನ ಮಾತನ್ನೇ ಆಡಬೇಕೆಂದು ಬಂದಿದ್ದೇನೆ.

ನನ್ನ ಕೆಲಸ ಕಸೂತಿ. ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಿಂದಲೇ ಅದನ್ನು ವ್ಯಾಪಾರವಾಗಿ ನಡೆಸುತ್ತಿದ್ದೇನೆ. ಅದಕ್ಕೂ ಮೊದಲು, ನಿವೃತ್ತಿಯ ತನಕ, ಮುಂಬಯಿಯ ಒಂದು ಸರಕಾರಿ ಬ್ಯಾಂಕಿನಲ್ಲಿದ್ದೆ.

ಬೆಳೆದದ್ದು ಧಾರವಾಡದಲ್ಲಿ. ಅಲ್ಲಿ ಕಸೂತಿ ಬರುವ ಹೆಂಗಸರಿಗೆ ಏನೂ ಕೊರತೆ ಇರಲಿಲ್ಲ. ಅಜ್ಜಿ ಹಾಕುತ್ತಿದ್ದರು, ಕಾಕು, ಅಂದರೆ ಚಿಕ್ಕಮ್ಮ, ಹಾಕುತ್ತಿದ್ದರು, ನನಗೂ ಕೈಗೆ ಬಂತು. ಆದರೆ ನನ್ನ ಆಸೆ ಅಷ್ಟಕ್ಕೇ ನಿಂತಿರಲಿಲ್ಲ. ಹೊಸ ಚಿತ್ತಾರಗಳನ್ನು ನಾನೇ ಕಟ್ಟಬೇಕು ಅಂತಿತ್ತು. ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿ ಕಟ್ಟೆ, ತೊಟ್ಟಿಲು, ನವಿಲು, ಇವೆಲ್ಲ ಯಾವುದೋ ಕಾಲದ ಹೆಂಗಸರು ತಮ್ಮ ಸುತ್ತ ಕಂಡದ್ದನ್ನು ಬಟ್ಟೆಯ ಮೇಲೆ ಇಟ್ಟದ್ದಲ್ವಾ? ಹಾಗಾದರೆ ನಾನು ಕಂಡದ್ದನ್ನು ನಾನೂ ಇಡಬಹುದಲ್ಲ? ಅದಕ್ಕಾಗಿ ಚಿತ್ರಕಲೆ ಓದಬೇಕೆಂದಿದ್ದೆ. ಮದುವೆಯಾಯಿತು, ಮುಂಬಯಿಗೆ ಬಂದೆ, ಬ್ಯಾಂಕಿನ ಪರೀಕ್ಷೆ ಪಾಸಾಯಿತು. ಮನೆಗೆ ಸಂಬಳ ಬೇಕಿತ್ತು, ದುಡಿದೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹಾಕಬೇಕು. ಗಂಟು ಹಾಕುವಂತಿಲ್ಲ. ಮುಖ್ಯವಾದ ಹೊಲಿಗೆ ನಾಲ್ಕು: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗುತ್ತೇವೆ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರುತ್ತೇವೆ. ಅಂದರೆ ಸೂಜಿ ಹೊರಟ ಜಾಗಕ್ಕೇ ವಾಪಸ್ ಬರಬೇಕು. ನೇರ ಗೆರೆ, ಅಡ್ಡ ಗೆರೆ, ಓರೆ ಗೆರೆ, ಇಷ್ಟೇ ಸಾಮಗ್ರಿ. ದುಂಡಗಿನ ಗೆರೆ ಇಲ್ಲವೇ ಇಲ್ಲ. ಹಾಗಾಗಿ ಹೊಸ ಚಿತ್ತಾರ ಕಟ್ಟುವುದೆಂದರೆ ಚಂದದ ಚಿತ್ರ ಬರೆದರೆ ಮುಗಿಯಲಿಲ್ಲ. ಸೂಜಿ ಎಲ್ಲಿಂದ ಹೊರಡುತ್ತದೆ, ಯಾವ ಕವಲಿಗೆ ಯಾವಾಗ ಹೊಕ್ಕು ಬರುತ್ತದೆ, ದಾರಿ ಎಲ್ಲೂ ಕಡಿಯದೆ ಹೇಗೆ ತಿರುಗುತ್ತದೆ ಅಂತ ಗ್ರಾಫ್ ಹಾಳೆಯ ಮೇಲೆ ಮೊದಲೇ ಬಿಡಿಸಿಕೊಳ್ಳಬೇಕು. ನನಗೆ ಇಷ್ಟವಾದ ಭಾಗ ಇದೇ. ನಿವೃತ್ತಿಯಾದ ಮೇಲೆ ಕೈಗೆತ್ತಿಕೊಂಡದ್ದೂ ಇದನ್ನೇ.

ಮುಂಬಯಿಯಲ್ಲಿ ಏನು ಹಾಕುವುದು? ಇಲ್ಲಿಯ ಕಪ್ಪು-ಹಳದಿ ಟ್ಯಾಕ್ಸಿ ನಿಮಗೆಲ್ಲ ಗೊತ್ತು. ಇಲ್ಲಿಯವರು ಕಾಲೀ-ಪೀಲೀ ಅನ್ನುತ್ತಾರೆ. ಅದರಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಗಾಡಿಗಳ ಕಾಲ 2023ರ ಅಕ್ಟೋಬರ್ ಕೊನೆಗೆ ಮುಗಿಯಿತು. ಇಲ್ಲಿಯ ನಗರ ಬಸ್ ಸಂಸ್ಥೆ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸುಗಳೂ ಅದೇ ವರ್ಷ ಸೆಪ್ಟೆಂಬರಿನಲ್ಲಿ ರಸ್ತೆಯಿಂದ ಹೋದವು. ಪದ್ಮಿನಿಯ ಬಾನೆಟ್ಟು, ಮೇಲಿನ ಕ್ಯಾರಿಯರ್ರು ಗ್ರಾಫ್ ಹಾಳೆಗೆ ಚೆನ್ನಾಗಿ ಒಗ್ಗಿದವು. ಚಕ್ರ ಮಾತ್ರ ಎಂಟು ಮೂಲೆಯದಾಯಿತು. ಹಳೆಯ ತೇರಿನ ಚಕ್ರವನ್ನು ನೋಡಿ, ಕಸೂತಿಯಲ್ಲಿ ಅದೂ ಮೂಲೆಗಳದೇ. ಕಪ್ಪು ಬಟ್ಟೆಯ ಮೇಲೆ ಹಳದಿ ದಾರದಲ್ಲಿ ಟ್ಯಾಕ್ಸಿ ಹಾಕಿದಾಗ, ಇದನ್ನು ಎಲ್ಲಿ ಮಾರಬಹುದು ಎಂಬುದೂ ನನಗೆ ಹೊಳೆಯಿತು.

ಕಪ್ಪು ಬಟ್ಟೆ ಅಂದೆನಲ್ಲ, ವ್ಯಾಪಾರದ ಬೇರು ಇರುವುದೇ ಅಲ್ಲಿ. ನಮ್ಮ ಕಡೆ ಚಂದ್ರಕಾಳಿ ಸೀರೆ, ಕಪ್ಪು ಮೈಯ ಮೇಲೆ ಕಸೂತಿ, ಮದುಮಗಳಿಗೆ ಕೊಡುವ ಸೀರೆ. ಮಹಾರಾಷ್ಟ್ರದಲ್ಲಿ ಮಕರ ಸಂಕ್ರಾಂತಿಗೆ ಕಪ್ಪು ಉಡುವ ರೂಢಿ. ಬೇರೆ ಹಬ್ಬಕ್ಕೆ ಕಪ್ಪು ಬೇಡ ಅನ್ನುವ ಮನೆಗಳಲ್ಲೂ ಆ ದಿನ ಕಪ್ಪೇ ಬೇಕು. ಹೊಸ ಸೊಸೆಯ ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ, ಮೇಲೆ ಕುಸುರೆಳ್ಳಿನ ಒಡವೆ. ಎಳೆ ಮಕ್ಕಳಿಗೆ ಬೋರೆಹಣ್ಣು, ಚುರುಮುರಿ ಸುರಿದು ಬೋರನ್ಹಾಣ ಮಾಡುತ್ತಾರೆ. ನಮ್ಮಲ್ಲಿ ಕರಿ ಎರೆಯುತ್ತಾರಲ್ಲ, ಹಾಗೆಯೇ. ಮಗುವಿಗೆ ಕಪ್ಪು ಝಬಲಾ, ಅಂದರೆ ಸಡಿಲವಾದ ಪುಟ್ಟ ಅಂಗಿ, ಬೇಕು. ನಮ್ಮ ಅಜ್ಜಿಯರು ಮಕ್ಕಳ ಕುಂಚಿಗೆ, ಕುಲಾಯಿಗಳ ಮೇಲೆ ಕಸೂತಿ ಹಾಕುತ್ತಿದ್ದರು. ಎರಡು ನಾಡಿನ ರೂಢಿ ಇಷ್ಟು ಹತ್ತಿರ ಇರುವಾಗ ಗಿರಾಕಿಯನ್ನು ದೂರ ಹುಡುಕಬೇಕಾಗಿಲ್ಲ. ಪಕ್ಕದ ಬಿಲ್ಡಿಂಗಿನಲ್ಲೇ ಇದ್ದಾರೆ. ಇಳಕಲ್ ಸೀರೆಯನ್ನು ಇಲ್ಲಿಯ ಮರಾಠಿ ಹೆಂಗಸರು ಇರಕಲ್ ಅಂತ ಮೊದಲಿಂದಲೂ ಉಡುತ್ತಾರೆ. ಗುಳೇದಗುಡ್ಡದ ಕುಬುಸದ ಖಣವಂತೂ ಈಚೆಗೆ ಸೀರೆ, ಚೀಲ, ದೀಪಾವಳಿಯ ಆಕಾಶಬುಟ್ಟಿ ತನಕ ಬಂದಿದೆ.

ಹಾಗಾಗಿ ನನ್ನ ವರ್ಷ ಸಂಕ್ರಾಂತಿಯಿಂದ ಸಂಕ್ರಾಂತಿಗೆ. ಮಳೆಗಾಲದಲ್ಲೇ ಬಟ್ಟೆ ತರಿಸಿ ಕೆಲಸ ಶುರು. ನಡುವೆ ನವರಾತ್ರಿ ಬರುತ್ತದೆ. ಮುಂಬಯಿಯಲ್ಲಿ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಅಂತ ಮೊದಲೇ ಹೇಳಿಬಿಡುತ್ತಾರೆ. ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿ ಒಂದು ದಿನ ಪೂರ್ತಿ ಹಸಿರು, ಮರುದಿನ ಪೂರ್ತಿ ಬೂದು. ಆ ಬಣ್ಣಗಳ ಕುಬುಸದ ಖಣ ಕೇಳಿಕೊಂಡು ಬರುವವರಿದ್ದಾರೆ. ನಾನು ಸ್ವಲ್ಪವೇ ಒಪ್ಪಿಕೊಳ್ಳುತ್ತೇನೆ. ಗಡಿಬಿಡಿಯ ಕೆಲಸ ಕಸೂತಿಗೆ ಹೊಂದುವುದಿಲ್ಲ.

ಈಗ ಬೆಲೆಗೆ ಬರೋಣ.

ಉದಾಹರಣೆಗೆ ಮಗುವಿನ ಒಂದು ಝಬಲಾ. ಬಟ್ಟೆ 150 ರೂಪಾಯಿ, ದಾರ 40, ದರ್ಜಿಗೆ 150. ಒಟ್ಟು 340. ಇಲ್ಲಿಯ ತನಕ ಲೆಕ್ಕ ಎಲ್ಲರೂ ಹಾಕುತ್ತಾರೆ. ಮೇಲೆ ಒಂದು ನೂರು ಸೇರಿಸಿ ಕೊಟ್ಟುಬಿಡುತ್ತಾರೆ. ಕಸೂತಿಗೆ 12 ಗಂಟೆ ಹಿಡಿಯಿತು ಅಂತ ಇಟ್ಟುಕೊಳ್ಳಿ. ಗಂಟೆಗೆ 80 ರೂಪಾಯಿ ಹಿಡಿದರೂ 960 ಆಯಿತು. ಅಲ್ಲಿಗೆ 1300. ಓಡಾಟ, ಸ್ಟಾಲಿನ ಬಾಡಿಗೆ, ಕೆಟ್ಟುಹೋದ ತುಂಡು ಇವಕ್ಕೆಲ್ಲ 200. ಝಬಲಾದ ಬೆಲೆ 1500. ಇದರಲ್ಲಿ ಲಾಭ ಇನ್ನೂ ಸೇರಿಲ್ಲ, ಇದು ಬರೀ ಖರ್ಚು.

ಈ ಬೆಲೆ ಹೇಳುವಾಗ ನಮ್ಮ ಹೆಂಗಸರ ಬಾಯಿ ಕಟ್ಟುತ್ತದೆ. ನನಗೆ ತುಂಬ ನೋವಾಗುವುದು ಇಲ್ಲೇ. ಕಸೂತಿ ಹಾಕುವವರು ಅಂತಲ್ಲ, ರಂಗೋಲಿ ಕಲಿಸುವವರು, ಮದುವೆಗೆ ಹಾಡುವವರು, ಹೋಳಿಗೆ ಮಾಡಿಕೊಡುವವರು, ಎಲ್ಲರೂ ಹೀಗೇ. ಸುಮ್ನೆ ಮನೆಯಲ್ಲಿ ಕೂತು ಮಾಡುವುದು, ಇಷ್ಟಪಟ್ಟು ಮಾಡುವುದು, ಅದಕ್ಕೆಂಥ ಕೂಲಿ ಅನ್ನುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ ನನ್ನ ಗಂಟೆಗೆ ಸಂಬಳವಿತ್ತು. ಯಾರೂ ಅದಕ್ಕೆ ಸಂಕೋಚಪಡಿ ಅನ್ನಲಿಲ್ಲ. ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಡುವ ಕೆಲಸಕ್ಕೆ ಬೆಲೆ ಕೇಳಲು ಯಾಕೆ ಸಂಕೋಚ? ಬೆಲೆ ಕೇಳದೆ ಮಾಡಿದ ಕೆಲಸ ಒಂದೆರಡು ವರ್ಷ ನಡೆಯುತ್ತದೆ. ಆಮೇಲೆ ಮನೆಯವರಿಗೂ ಬೇಡವಾಗುತ್ತದೆ, ಮಾಡುವವರಿಗೂ ದಣಿವಾಗುತ್ತದೆ. ಆಸೆ ಎರಡನೇ ಸಲ ನಿಂತುಹೋಗುವುದು ಹೀಗೆ.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರನ್ನು ಇಲ್ಲಿ ನೆನೆಯಲೇಬೇಕು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಅದರ ಮುಂದಾಳಾಗಿದ್ದವರು ಅವರು. ಕೈಕೆಲಸದವರನ್ನು ಹೊಗಳಿದರೆ ಸಾಲದು, ಅವರ ಸರಕಿಗೆ ಅಂಗಡಿ ಬೇಕು, ಗಿರಾಕಿ ಬೇಕು ಅಂತ ಊರೂರು ಓಡಾಡಿ ದುಡಿದರು.

ಅಗ್ಗದ ಮಾಲಿನ ಪ್ರಶ್ನೆ ಬಂದೇ ಬರುತ್ತದೆ. ಮಶೀನಿನಲ್ಲಿ ಹಾಕಿದ ಕಸೂತಿ, ಬಟ್ಟೆಯ ಮೇಲೆ ಛಾಪಿಸಿದ ಕಸೂತಿ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಗಿರಾಕಿ ಅದನ್ನು ತೋರಿಸಿ, ಕಾಕೂ, ಇದು ಇಷ್ಟಕ್ಕೇ ಸಿಗುತ್ತದಲ್ಲ ಅಂತ ಕೇಳುತ್ತಾರೆ. ಕೇಳಿದ್ದರಲ್ಲಿ ತಪ್ಪಿಲ್ಲ. ನಾನು ಎರಡೂ ಬಟ್ಟೆಯನ್ನು ತಿರುಗಿಸಿ ಹಿಂಬದಿ ತೋರಿಸುತ್ತೇನೆ. ಗವಂತಿಯ ಹಿಂಬದಿ ನೋಡಿದ ಮೇಲೆ ಜಾಸ್ತಿ ಮಾತು ಬೇಕಾಗುವುದಿಲ್ಲ. ಕೆಲವರು ಕೊಳ್ಳುತ್ತಾರೆ, ಕೆಲವರು ನಮಸ್ಕಾರ ಹೇಳಿ ಹೋಗುತ್ತಾರೆ. ಹೋದವರಿಗಾಗಿ ಬೆಲೆ ಇಳಿಸಬೇಡಿ. ಅವರಿಗೆ ಸಣ್ಣದೇನಾದರೂ ಇಡಿ. ಒಂದೇ ಟ್ಯಾಕ್ಸಿ ಇರುವ ಕರವಸ್ತ್ರ, ಪುಟ್ಟ ಬಟುವೆ. ಅವುಗಳ ಗಂಟೆಯೂ ಕಮ್ಮಿ, ಬೆಲೆಯೂ ಕಮ್ಮಿ.

ಕಾಗದಪತ್ರದ ಕೆಲಸ ಜನ ಹೆದರುವಷ್ಟು ಇಲ್ಲ. ಸಣ್ಣ ವ್ಯಾಪಾರದವರಿಗೆ ಉದ್ಯಮ್ ನೋಂದಣಿ ಅಂತ 2020ರ ಜುಲೈಯಿಂದ ಇದೆ. ಸರಕಾರದ ತಾಣದಲ್ಲಿ ಆಧಾರ್ ಕೊಟ್ಟು ಮಾಡಿಕೊಳ್ಳಬಹುದು, ಶುಲ್ಕ ಇಲ್ಲ. ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ. ಮಹಾರಾಷ್ಟ್ರದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ರಾಜ್ಯದ ಹೊರಗೆ ಕಳಿಸುವುದಾದರೆ ನಿಯಮ ಬೇರೆ, ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿಕೊಳ್ಳಿ. ಸಾಲ ಬೇಕೆಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿ ತನಕ ಅಡಮಾನವಿಲ್ಲದೆ ಕೊಡುತ್ತಾರೆ. ಬ್ಯಾಂಕಿನಲ್ಲಿದ್ದವಳಾಗಿ ಹೇಳುತ್ತೇನೆ, ಈ ಕೆಲಸಕ್ಕೆ ಮೊದಲ ವರ್ಷ ಸಾಲ ಬೇಡ. ದಾರದ ಲಡಿ, ಒಂದಿಷ್ಟು ಬಟ್ಟೆ, ಒಳ್ಳೆಯ ದೀಪ, ಅಷ್ಟೇ ಬಂಡವಾಳ. ಪೆನ್ಷನ್ ಖಾತೆ ಬೇರೆ, ಕಸೂತಿಯ ಖಾತೆ ಬೇರೆ ಇರಲಿ. ಎರಡೂ ಒಂದರಲ್ಲೇ ಇದ್ದರೆ ಕೆಲಸ ತನ್ನ ಕಾಲ ಮೇಲೆ ನಿಂತಿದೆಯೋ ಇಲ್ಲವೋ ಯಾವತ್ತೂ ಗೊತ್ತಾಗುವುದಿಲ್ಲ.

ವಯಸ್ಸಿನ ಮಾತನ್ನೂ ಆಡಬೇಕು. ಕಪ್ಪು ಬಟ್ಟೆಯ ಎಳೆ ಎಣಿಸುವುದು ಕಣ್ಣಿಗೆ ತುಂಬ ಕಷ್ಟ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಕಪ್ಪಿನ ಎಳೆಗಳ ನಡುವಿನ ಸಂದು ಕಾಣುತ್ತದೆ. ಹಗಲು ಬೆಳಕಿನಲ್ಲಿ ಮಾತ್ರ ಕಪ್ಪು, ಸಂಜೆ ತಿಳಿ ಬಣ್ಣದ ಬಟ್ಟೆ. ಎಳೆ ಎಣಿಸಲಾಗದಷ್ಟು ನಯವಾದ ಬಟ್ಟೆಯಾದರೆ ಮೇಲೆ ಜಾಲರಿ ಬಟ್ಟೆ ಟಾಕಿ, ಅದರ ಮೇಲೆ ಹೊಲಿಗೆ ಹಾಕಿ, ಆಮೇಲೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬಹುದು. ಕಣ್ಣಿನ ಪೊರೆ ಬಂದಿದ್ದರೆ ಮೊದಲು ಅದನ್ನು ತೋರಿಸಿಕೊಳ್ಳಿ. ಕತ್ತು ನೋಯುವ ತನಕ ಕೂರಬೇಡಿ. ಇಪ್ಪತ್ತರ ಹುಡುಗಿಯಷ್ಟು ಕೆಲಸ ಆಗಲಿಲ್ಲ ಅಂತ ಕೊರಗಬೇಕಾಗಿಲ್ಲ. ಬೆಲೆಯನ್ನು ಸರಿಯಾಗಿ ಇಟ್ಟರೆ ಕಡಿಮೆ ತುಂಡು ಮಾಡಿದರೂ ಸಾಕಾಗುತ್ತದೆ.

ಆರ್ಡರ್ ಹೆಚ್ಚಾದ ಮೇಲೆ ನನ್ನ ಜೊತೆ ಇಲ್ಲಿಯ ಇಬ್ಬರು ಅಕ್ಕಂದಿರು ಸೇರಿದ್ದಾರೆ. ಒಬ್ಬರು ಗದಗ ಕಡೆಯವರು, ಇನ್ನೊಬ್ಬರು ಸೊಲ್ಲಾಪುರದವರು. ನನ್ನ ಗಂಟೆಗೆ ಎಷ್ಟು ಹಿಡಿಯುತ್ತೇನೋ ಅವರ ಗಂಟೆಗೂ ಅಷ್ಟೇ. ಇದನ್ನು ಮೊದಲ ದಿನವೇ ಹೇಳಿಬಿಟ್ಟೆ. ಕಡಿಮೆ ಕೂಲಿಗೆ ಹತ್ತು ಜನರಿಂದ ಹಾಕಿಸಿ ದೊಡ್ಡ ವ್ಯಾಪಾರ ಮಾಡಿ ಅಂತ ಸಲಹೆ ಕೊಟ್ಟವರಿದ್ದಾರೆ. ಹಾಗೆ ಮಾಡಿದರೆ ನಾನು ಮತ್ತೆ ಲೆಕ್ಕದ ಪುಸ್ತಕದ ಮುಂದೆ ಕೂರಬೇಕು. ಗ್ರಾಫ್ ಹಾಳೆಗೆ ಸಮಯ ಎಲ್ಲಿ ಉಳಿಯುತ್ತದೆ? ನನಗೆ ವ್ಯಾಪಾರ ಬೇಕಾಗಿರುವುದೇ ಆ ಹಾಳೆಗಾಗಿ. ಇವತ್ತು ಬೆಳಿಗ್ಗೆ ಮೂರು ಗಂಟೆ ಹೊತ್ತು ಚಿತ್ತಾರ ಬಿಡಿಸುತ್ತಾ ಕೂತೆ, ಮನೆಯಲ್ಲಿ ಯಾರೂ ಕರೆಯಲಿಲ್ಲ. ಅವರಿಗೆ ಗೊತ್ತು, ಅದು ಕೆಲಸದ ಹೊತ್ತು.

ಬಿಡಿಸುತ್ತಿದ್ದದ್ದು ಡಬಲ್ ಡೆಕರ್ ಬಸ್ಸು. ಈ ಸಂಕ್ರಾಂತಿಗೆ ಕೆಂಪು ದಾರದಲ್ಲಿ ಬರಬೇಕು ಅಂತಿದೆ. ಕಿಟಕಿಗಳದ್ದೇ ತೊಂದರೆ. ಮೇಲೊಂದು ಸಾಲು, ಕೆಳಗೊಂದು ಸಾಲು, ಪ್ರತಿ ಕಿಟಕಿಗೂ ಸೂಜಿ ಒಳಗೆ ಹೋಗಿ ಸುತ್ತಿ ಹೊರಗೆ ಬರಬೇಕು. ಮೇಲಿನ ಸಾಲಿಗೆ ದಾರಿ ಸಿಕ್ಕಿದೆ, ಕೆಳಗಿನ ಸಾಲು ಬಾಗಿಲಿನ ಹತ್ತಿರ ಇನ್ನೂ ಕಡಿಯುತ್ತಿದೆ. ಹಳೆಯ ಗೋಪುರದ ಮೆಟ್ಟಿಲುಗಳನ್ನು ಹೇಗೆ ಸುತ್ತಿದ್ದಾರೆ ಅಂತ ನೋಡುತ್ತಿದ್ದೇನೆ, ಅಲ್ಲಿ ಸಿಗಬಹುದು. ಟ್ಯಾಕ್ಸಿಗಿಂತ ಗಂಟೆ ಜಾಸ್ತಿ ಹಿಡಿಯುತ್ತದೆ. ಬೆಲೆಯೂ ಟ್ಯಾಕ್ಸಿಗಿಂತ ಜಾಸ್ತಿಯೇ ಇಡುತ್ತೇನೆ.

ನಮಸ್ಕಾರ.