ಕತ್ತರಿ ಹಿಡಿಯುವ ಮೊದಲು ಎಳೆ ಹುಡುಕಿ

ಎಲ್ಲರಿಗೂ ನಮಸ್ಕಾರ. ಹೊರಗೆ ಹಾಕಿರುವ ಕೌದಿಗಳನ್ನೆಲ್ಲ, ಬಟ್ಟೆ ತುಂಡು ಸೇರಿಸಿ ಹೊಲಿದ ಹೊದಿಕೆಗಳನ್ನೆಲ್ಲ, ಒಂದೊಂದಾಗಿ ಮುಟ್ಟಿ ನೋಡಿಯೇ ಒಳಗೆ ಬಂದೆ. ಹೊಲಿಗೆ ಬಗ್ಗೆ ನಾನು ನಿಮಗೆ ಹೇಳಿಕೊಡುವಂಥದ್ದು ಏನೂ ಇಲ್ಲ. ನಾನು ಬಂದಿರುವುದು ಹೊಲಿಗೆಗಿಂತ ಮುಂಚಿನ ಕೆಲಸಕ್ಕೆ. ಬಟ್ಟೆ ಕತ್ತರಿಸುವುದಕ್ಕೆ.

ಹೋದಲ್ಲೆಲ್ಲ ಒಂದು ಮಾತು ಕೇಳ್ತಾರೆ. "ಕೌದಿಗೆ ಅಳತೆ ಯಾಕ್ರೀ ಮೇಡಂ, ನಮ್ಮಜ್ಜಿ ಸ್ಕೇಲು ಹಿಡಿದಿದ್ದಳೇನು?" ಇಲ್ಲ, ಹಿಡಿದಿರಲಿಲ್ಲ. ಆದರೆ ಅಜ್ಜಿ ಹೊಲಿದದ್ದು ಹೇಗೆ ನೆನಪು ಮಾಡಿಕೊಳ್ಳಿ. ಕೆಳಗೆ ಇಡೀ ಹಳೇ ಸೀರೆ ಹಾಸಿ, ಅದರ ಮೇಲೆ ತುಂಡು ಇಟ್ಟು, ಅಂಚು ಮಡಚಿ ಹೊಲಿದಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರೂ ಹಾಗೆಯೇ, ಒಂದು ಮೂಲೆಯಿಂದ ಶುರು ಮಾಡಿ ಸುತ್ತ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಅಲ್ಲಿ ತುಂಡು ಸೊಟ್ಟ ಇದ್ದರೂ ಪಕ್ಕದ್ದು ಅದರ ಮೇಲೆ ಹತ್ತಿ ಕೂರುತ್ತದೆ. ವ್ಯತ್ಯಾಸ ಅಲ್ಲಿಗೇ ಮುಗೀತು.

ಈಗ ನಿಮಗೆ ಬರುತ್ತಿರುವ ಆರ್ಡರ್ ಬೇರೆ ಥರದ್ದು. ಚೌಕಕ್ಕೆ ಚೌಕ ಜೋಡಿಸುವ ಕೆಲಸ. ಹಿಡಿದು ನಿಲ್ಲಿಸಲು ಕೆಳಗೆ ಸೀರೆ ಇಲ್ಲ. ಒಂದೊಂದು ತುಂಡು ಇಂಚಿನ 16ನೇ ಒಂದು ಭಾಗ ಕಮ್ಮಿಯಾಯಿತು ಅಂತಿಟ್ಟುಕೊಳ್ಳಿ, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ 12 ತುಂಡಿನ ಸಾಲಿನಲ್ಲಿ ಅದು ಮುಕ್ಕಾಲು ಇಂಚು. ಪಕ್ಕದ ಸಾಲು ಸರಿ ಇದ್ದರೆ ಎರಡನ್ನೂ ಹೇಗೆ ಸೇರಿಸುತ್ತೀರಿ? ಎಳೆದು ಸೇರಿಸುತ್ತೀರಿ, ಆಮೇಲೆ ನಡುವೆ ಉಬ್ಬುತ್ತದೆ, ಆಮೇಲೆ ಇಸ್ತ್ರಿ ಪೆಟ್ಟಿಗೆಗೆ ಬೈಯುತ್ತೀರಿ!

ಅದಕ್ಕೇ ಹೇಳೋದು, ಮೊದಲು ಎಳೆ ಹುಡುಕಿ. ಹಾಸು, ಹೊಕ್ಕು ನಿಮಗೆ ಗೊತ್ತೇ ಇದೆ, ಬಟ್ಟೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಹಾಸು ಹೆಚ್ಚು ಹಿಗ್ಗುವುದಿಲ್ಲ, ಹೊಕ್ಕು ಸ್ವಲ್ಪ ಹಿಗ್ಗುತ್ತದೆ, ಓರೆಯಾಗಿ ಎಳೆದರೆ ತುಂಬಾ ಹಿಗ್ಗುತ್ತದೆ. ಅಂಗಡಿಯವರು ಕತ್ತರಿಸಿ ಕೊಟ್ಟ ತುದಿ ನೇರ ಇದೆ ಅಂತ ನಂಬಲೇಬೇಡಿ. ಬಟ್ಟೆಯ ಬದಿಯ ನೇಯ್ದ ಅಂಚಿನ ಹತ್ತಿರ ಕತ್ತರಿಯಿಂದ ಸಣ್ಣ ಕಚ್ಚು ಕೊಡಿ. ಹೊಕ್ಕಿನ ಒಂದು ಎಳೆಯನ್ನು ಸೂಜಿ ಮೊನೆಯಲ್ಲಿ ಎಬ್ಬಿಸಿ ಮೆಲ್ಲಗೆ ಎಳೆಯಿರಿ. ಬಟ್ಟೆ ನೆರಿಗೆ ನೆರಿಗೆಯಾಗಿ ಮುದುಡುತ್ತದೆ, ಬೆರಳಿನಿಂದ ಸರಿಸುತ್ತಾ ಹೋಗಿ. ಎಳೆ ಬಂದ ಜಾಗದಲ್ಲಿ ಒಂದು ಸಣ್ಣ ಗೀರು ಉಳಿಯುತ್ತದೆ. ಆ ಗೀರಿನ ಮೇಲೆ ಕತ್ತರಿ ನಡೆಸಿ. ನಡುವೆ ಎಳೆ ತುಂಡಾದರೆ ಅಲ್ಲಿವರೆಗೆ ಕತ್ತರಿಸಿ ಮತ್ತೆ ಅದೇ ಎಳೆಯ ತುದಿ ಹಿಡಿಯಿರಿ. ನೇಯ್ದ ಚೌಕಳಿ ಇದ್ದರೆ ಇನ್ನೂ ಸುಲಭ, ಗೆರೆಯೇ ಎಳೆ. ಪ್ರಿಂಟ್ ಮಾಡಿದ ಚೌಕಳಿಯ ಗೆರೆ ಮಾತ್ರ ಎಳೆ ಬಿಟ್ಟು ಓಡಿರಬಹುದು, ಹುಷಾರು.

ಒಬ್ಬ ಅಕ್ಕನ ಕತೆ ಹೇಳಲೇಬೇಕು. ಚಿಕ್ಕಂದಿನಿಂದ ಕೌದಿ ಹೊಲಿದ ಕೈ. ಹೊಲಿಗೆ ಎಂಥಾ ಸಣ್ಣ ಅಂತೀರಿ, ನೋಡುತ್ತಾ ಕೂತುಬಿಡಬೇಕು. ಮೊದಲ ಸಲ ಚೌಕಗಳ ಹೊದಿಕೆ ಮಾಡಿದರು. ಒಂದು ತುದಿಯಲ್ಲಿ ಸರಿ ಇದೆ, ಇನ್ನೊಂದು ತುದಿಗೆ ಹೋದ ಹಾಗೆ ಅಗಲ ಜಾಸ್ತಿಯಾಗುತ್ತಾ ಹೋಗಿದೆ. ಹೊಲಿಗೆ ಬಿಚ್ಚಿ ಮತ್ತೆ ಹೊಲಿದರು. ಮತ್ತೆ ಹಾಗೇ! ಮಿಷನ್ನಿನ ತಪ್ಪು ಅಂದರು, ದಾರದ ತಪ್ಪು ಅಂದರು. ನಾನು ಉಳಿದ ತುಂಡು ಕೇಳಿದೆ. ಮೊದಲು ಕತ್ತರಿಸಿದ್ದು ಒಂದು, ಕೊನೆಗೆ ಕತ್ತರಿಸಿದ್ದು ಒಂದು, ಒಂದರ ಮೇಲೊಂದು ಇಟ್ಟೆ. ಕೆಳಗಿಟ್ಟ ಕೊನೆಯ ತುಂಡು ನಾಲ್ಕೂ ಕಡೆ ಇಣುಕುತ್ತಿತ್ತು. ಅವರು ರಟ್ಟಿನ ಅಚ್ಚು ಇಟ್ಟು ಮೊದಲನೆಯದನ್ನು ಮಾತ್ರ ಕತ್ತರಿಸಿದ್ದರು. ಎರಡನೆಯದನ್ನು ಮೊದಲನೆಯದರ ಅಳತೆಗೆ, ಮೂರನೆಯದನ್ನು ಎರಡನೆಯದರ ಅಳತೆಗೆ. ಪ್ರತಿ ಸಲ ಚಾಕ್ ಗೆರೆಯಷ್ಟು ದೊಡ್ಡದಾಗುತ್ತಾ ಬಂದಿತ್ತು. ಅಚ್ಚು ಒಂದೇ ಇರಬೇಕು, ಕೊನೆವರೆಗೂ ಅದೇ ಇರಬೇಕು. ರಟ್ಟಿನ ಅಂಚು ಸವೆಯುತ್ತದೆ, ಹಳೇ ಎಕ್ಸ್‌ರೇ ಹಾಳೆ ಒಳ್ಳೆಯದು. ಆ ಅಕ್ಕನ ಈಗಿನ ಹೊದಿಕೆ ಹೊರಗೆ ಇದೆ, ಯಾವುದು ಅಂತ ನೀವೇ ಹುಡುಕಿ.

ಗುಂಡು ಬ್ಲೇಡಿನ ಕಟರ್ ಬಗ್ಗೆ ಕೇಳಿದ್ದೀರಿ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದದ್ದು. ಒಳ್ಳೇ ಸಾಮಾನು. ಆದರೆ ಎಳೆ ನೋಡದೆ ಕತ್ತರಿಸಿದರೆ ಅದೂ ಸೊಟ್ಟಗೇ ಕತ್ತರಿಸುತ್ತದೆ, ಬೇಗ ಕತ್ತರಿಸುತ್ತದೆ ಅಷ್ಟೇ. ಬಟ್ಟೆ ಮಡಚಿ ಪಟ್ಟಿ ಕತ್ತರಿಸುವಾಗ ಸ್ಕೇಲು ಮಡಿಕೆಗೆ ಲಂಬವಾಗಿ ಇರಲಿ. ಇಲ್ಲದಿದ್ದರೆ ಬಿಚ್ಚಿದಾಗ ಪಟ್ಟಿ ಮೊಣಕೈ ಥರ ಬಾಗಿರುತ್ತದೆ. ಬ್ಲೇಡನ್ನು ನಿಮ್ಮಿಂದ ಆಚೆಗೆ ಓಡಿಸಿ, ಕೆಳಗಿಡುವಾಗ ಮುಚ್ಚಿ. ಮನೇಲಿ ಮಕ್ಕಳಿರುತ್ತಾರೆ, ಅಲ್ವಾ?

ಸಮಯ ಆಯ್ತು ಅಂತ ಚೀಟಿ ಬಂತು. ಗಂಜಿ, ಇಸ್ತ್ರಿ ವಿಷಯ ಬಿಟ್ಟೆ. ಹೊಸ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿಯೇ ಕತ್ತರಿಸಿ, ಅಷ್ಟು ಸಾಕು. ಹೊಲಿಗೆಗೆ ಸುತ್ತ ಕಾಲು ಇಂಚು ಬಿಡಿ, ಅಂದರೆ 4 ಇಂಚಿನ ಚೌಕಕ್ಕೆ ನಾಲ್ಕೂವರೆ ಕತ್ತರಿಸಬೇಕು. ತ್ರಿಕೋನ ಬೇಕಾದರೆ ಎರಡು ಚೌಕ ಒಂದರ ಮೇಲೊಂದು ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಹಾಕಿ, ಗೆರೆಯ ಎರಡೂ ಕಡೆ ಕಾಲು ಇಂಚಿನಲ್ಲಿ ಹೊಲಿದು ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಆಗ ಓರೆ ಅಂಚು ಹಿಗ್ಗುವುದಿಲ್ಲ. ಲೆಕ್ಕ ಬೇಕಾದವರು ಹೊರಗಿನ ಮೇಜಿನ ಹತ್ತಿರ ಬನ್ನಿ, ಬಟ್ಟೆ ತಂದಿದ್ದೇನೆ, ಎಳೆ ತೆಗೆದು ತೋರಿಸುತ್ತೇನೆ.